ರೊಟ್ಟಿ ಬಿಡದೆ ತೂಕ ಹಿಡಿತಕ್ಕೆ ತರುವ ಬಗೆ: ಕಲಬುರಗಿಯ ಅಡುಗೆಮನೆಯಿಂದ ಹಂತ ಹಂತವಾಗಿ

ಮೂರು ವರ್ಷಗಳ ಹಿಂದೆ ನಮ್ಮ ಮನೆಯ ಫ್ರಿಜ್ ಬಾಗಿಲಿಗೆ ಒಂದು ಆಹಾರಪಟ್ಟಿ ಅಂಟಿಕೊಂಡಿತ್ತು. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಬ್ರೊಕೊಲಿ ಮತ್ತು ಕಂದು ಅಕ್ಕಿ, ಸಂಜೆ ಗ್ರೀನ್ ಟೀ, ರಾತ್ರಿ ಸೂಪ್. ಬರೆದುಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ನಿಮ್ಮ ಮನೆಯಲ್ಲಿ ಏನು ಉಣ್ಣುತ್ತೀರಿ ಎಂಬ ಒಂದು ಪ್ರಶ್ನೆಯನ್ನು ಅವರು ಕೇಳಿರಲಿಲ್ಲ. ಹತ್ತು ದಿನ ತಡೆದುಕೊಂಡೆ. ಹನ್ನೊಂದನೆಯ ದಿನ ಮಧ್ಯಾಹ್ನ ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು, ಹಿಂದೆಯೇ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ವಾಸನೆಯೂ ಬಂತು. ಪಟ್ಟಿ ಅಂದೇ ಮುಗಿಯಿತು.

ಆಗ ನನ್ನ ತೂಕ 81 ಕಿಲೊ, ಎತ್ತರ 168 ಸೆಂಟಿಮೀಟರ್, ದಿನವಿಡೀ ಮೇಜಿನ ಮುಂದೆ ಕುಳಿತು ಮಾಡುವ ಕೆಲಸ. ಈಗ 71ರಿಂದ 72ರ ನಡುವೆ ಓಡಾಡುತ್ತಿದೆ. ಈ ಅವಧಿಯಲ್ಲಿ ಜೋಳದ ರೊಟ್ಟಿ ಬಿಡಲಿಲ್ಲ, ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ) ಬಿಡಲಿಲ್ಲ, ಎಳ್ಳಮಾವಾಸ್ಯೆಯ ಭಜ್ಜಿಯನ್ನಂತೂ (ಕಾಳು, ತರಕಾರಿ, ಸೊಪ್ಪು ಕೂಡಿಸಿದ ಪಲ್ಯ) ಬಿಡುವ ಮಾತೇ ಇಲ್ಲ. ನಮ್ಮ ಭಾಗದಲ್ಲಿ ಹೊಟ್ಟೆ ಬಂದವರೆಲ್ಲ ಮೊದಲು ರೊಟ್ಟಿಯ ಮೇಲೆ ದೂರು ಹಾಕುತ್ತಾರೆ. ನನ್ನ ಲೆಕ್ಕದ ಪುಸ್ತಕ ನೋಡಿದರೆ ರೊಟ್ಟಿ ಬಹುಮಟ್ಟಿಗೆ ನಿರಪರಾಧಿ. ತಪ್ಪಿತಸ್ಥರು ಅದರ ನೆರೆಹೊರೆಯಲ್ಲಿದ್ದರು: ಪಲ್ಯದ ಮೇಲೆ ತೇಲುವ ಎಣ್ಣೆ, ಆರು ಸಲದ ಚಹಾ, ರೊಟ್ಟಿ ಉಂಡ ಮೇಲೆ ಬರುವ ಅನ್ನದ ಗುಡ್ಡ. ಅವರನ್ನು ಹಿಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಔಷಧಿಯ ಪ್ರಮಾಣವನ್ನು ವೈದ್ಯರೊಂದಿಗೆ ಮಾತನಾಡಿಯೇ ಮುಂದುವರಿಯಬೇಕು. ಮೂತ್ರಪಿಂಡದ ತೊಂದರೆ ಇರುವವರು ಮುಂದೆ ಬರುವ ಬೇಳೆಕಾಳಿನ ಸಲಹೆಯನ್ನು ತಾವಾಗಿ ಪಾಲಿಸಬಾರದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಬೆಳೆಯುವ ಮಕ್ಕಳು ತೂಕ ಇಳಿಸಲು ಈ ದಾರಿ ಹಿಡಿಯುವುದು ಬೇಡ. ಊಟ ಬದಲಾಗದೆ ತೂಕ ತಾನಾಗಿ ಏರುತ್ತಿದ್ದರೆ ಅಥವಾ ಇಳಿಯುತ್ತಿದ್ದರೆ ಅಡುಗೆಮನೆಗೆ ಹೋಗುವ ಮೊದಲು ದವಾಖಾನೆಗೆ ಹೋಗಿ.

ಮೊದಲ ಹಂತ: ತಕ್ಕಡಿ ಮತ್ತು ದರ್ಜಿಯ ಟೇಪು

ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ, ಹಗುರ ಬಟ್ಟೆಯಲ್ಲಿ ತೂಕ ನೋಡಿ. ಕಿಲೊ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ಅಂಕಿ, ಸಿಗುತ್ತದೆ. ನನ್ನದು ಆಗ 28.7 ಇತ್ತು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ 25ರವರೆಗೆ ಸರಿ ಎಂದಿರುತ್ತದೆ. ಆದರೆ ಭಾರತೀಯರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗದ ಅಪಾಯ ಹೆಚ್ಚುವುದರಿಂದ ನಮ್ಮಲ್ಲಿ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಎಣಿಸುತ್ತಾರೆ. 18.5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ. 165 ಸೆಂಟಿಮೀಟರ್ ಎತ್ತರದವರಿಗೆ ಈ ಲೆಕ್ಕದಲ್ಲಿ ಸುಮಾರು 50ರಿಂದ 62 ಕಿಲೊ ಸರಿಯಾದ ವ್ಯಾಪ್ತಿ.

ಇದಕ್ಕಿಂತ ನಿಜ ಹೇಳುವುದು ಟೇಪು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರನ್ನು ಸಹಜವಾಗಿ ಬಿಟ್ಟು ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರವಾಗಬೇಕು. ಪ್ಯಾಂಟಿನ ಸೊಂಟದ ಅಳತೆಯನ್ನು ನಂಬಬೇಡಿ. ನಮ್ಮಲ್ಲಿ ಅನೇಕರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟಿ ಇಪ್ಪತ್ತು ವರ್ಷ ಅದೇ ಅಳತೆಯಲ್ಲಿ ನೆಮ್ಮದಿಯಾಗಿರುತ್ತಾರೆ. ನಾನೂ ಹಾಗೆಯೇ ಇದ್ದೆ.

ಎರಡನೆಯ ಹಂತ: ಏಳು ದಿನ ಏನನ್ನೂ ಬದಲಿಸದೆ ಬರೆಯುವುದು

ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಬಾಯಿಗೆ ಹೋದದ್ದೆಲ್ಲ, ಹೋದ ಹೊತ್ತು, ಎಷ್ಟು ಎಂಬುದು. ಕಪ್, ಚಮಚ, ಮುಷ್ಟಿಯ ಲೆಕ್ಕದಲ್ಲಿದ್ದರೂ ನಡೆಯುತ್ತದೆ. ಈ ಏಳು ದಿನ ಒಳ್ಳೆಯವರಾಗಲು ಹೋಗಬೇಡಿ. ಬರೆಯುತ್ತಿದ್ದೇವೆಂದು ಕಡಿಮೆ ತಿಂದರೆ ಪುಸ್ತಕ ಸುಳ್ಳು ಹೇಳುತ್ತದೆ.

ನನ್ನ ಪುಸ್ತಕದ ಮೊದಲ ಆಘಾತ ಚಹಾ. ಊಟ ಎಂದು ನಾನು ಎಣಿಸಿಯೇ ಇರಲಿಲ್ಲ. ಮನೆಯಲ್ಲಿ ಎರಡು, ಕಚೇರಿಯಲ್ಲಿ ಮೂರು, ಸಂಜೆ ಗೆಳೆಯರೊಂದಿಗೆ ಅಂಗಡಿಯಲ್ಲಿ ಒಂದು. ಕಪ್ಪಿಗೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ಹನ್ನೆರಡು ಚಮಚ, ಅಂದರೆ ಸುಮಾರು 60 ಗ್ರಾಂ, ಸಕ್ಕರೆಯೊಂದರಿಂದಲೇ 240 ಕ್ಯಾಲೊರಿ. ತಿಂಗಳಿಗೆ ಲೆಕ್ಕ ಹಾಕಿದರೆ 1.8 ಕಿಲೊ ಸಕ್ಕರೆಯನ್ನು ನಾನೊಬ್ಬನೇ ಕುಡಿದು ಮುಗಿಸುತ್ತಿದ್ದೆ. ದಿನಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂ ಒಳಗಿರಲಿ ಎಂಬುದು ಸಾಮಾನ್ಯ ಸಲಹೆ.

ಬಿಡುವ ಬಗೆ: ಸಕ್ಕರೆಯನ್ನು ಒಮ್ಮೆಲೇ ನಿಲ್ಲಿಸಿದವರು ಎಂಟು ದಿನದಲ್ಲಿ ಮರಳುತ್ತಾರೆ. ಹತ್ತು ದಿನಕ್ಕೆ ಅರ್ಧ ಚಮಚ ಇಳಿಸಿ. ನಾಲಿಗೆಗೆ ಗೊತ್ತಾಗುವಷ್ಟರಲ್ಲಿ ಅಭ್ಯಾಸವಾಗಿರುತ್ತದೆ. ಅಂಗಡಿಯಲ್ಲಿ ಸಕ್ಕರೆ ಮೊದಲೇ ಕುದಿದಿರುತ್ತದೆ, ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಅಲ್ಲಿನ ಚಹಾವನ್ನು ಒಂದಕ್ಕೆ ಇಳಿಸುವುದೇ ದಾರಿ. ಬೆಲ್ಲ ಹಾಕಿದರೆ ನಡೆಯುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಕ್ಯಾಲೊರಿಯ ಮಟ್ಟಿಗೆ ಬೆಲ್ಲವೂ ಸಕ್ಕರೆಯೂ ಹೆಚ್ಚುಕಡಿಮೆ ಒಂದೇ.

ಮೂರನೆಯ ಹಂತ: ಎಣ್ಣೆ ಡಬ್ಬಿಯ ಮೇಲೆ ತಾರೀಖು

ಈ ಹಂತವೊಂದನ್ನೇ ಮಾಡಿ ಉಳಿದದ್ದನ್ನು ಮರೆತರೂ ನನಗೆ ತಕರಾರಿಲ್ಲ. ಒಂದು ಗ್ರಾಂ ಹಿಟ್ಟಿನಲ್ಲೂ ಸಕ್ಕರೆಯಲ್ಲೂ ಸುಮಾರು 4 ಕ್ಯಾಲೊರಿ ಇದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ 9. ಕುಸುಬಿ ಎಣ್ಣೆ, ಶೇಂಗಾ ಎಣ್ಣೆ, ಸೂರ್ಯಕಾಂತಿ, ತುಪ್ಪ ಯಾವುದಾದರೂ ಹೆಚ್ಚುಕಡಿಮೆ ಇದೇ. ಗಾಣದ ಎಣ್ಣೆ ಶ್ರೇಷ್ಠ ಎಂದು ಹೆಚ್ಚು ಸುರಿದುಕೊಳ್ಳುವವರನ್ನು ನೋಡಿದ್ದೇನೆ. ರುಚಿಯ ಮಾತು ಬೇರೆ, ತೂಕದ ಲೆಕ್ಕ ಬೇರೆ.

ಹೊಸ ಡಬ್ಬಿ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯಿರಿ. ಖಾಲಿಯಾದ ದಿನವನ್ನೂ ಬರೆಯಿರಿ. ನಮ್ಮ ಮನೆಯಲ್ಲಿ ನಾಲ್ಕು ಜನ, ಐದು ಲೀಟರ್ ಡಬ್ಬಿ ಮೂವತ್ತು ದಿನಕ್ಕೆ ಮುಗಿಯುತ್ತಿತ್ತು. ಐದು ಲೀಟರ್ ಎಣ್ಣೆ ಸುಮಾರು 4.6 ಕಿಲೊ ತೂಗುತ್ತದೆ. ತಲೆಗೆ ದಿನಕ್ಕೆ 38 ಗ್ರಾಂ, ಹತ್ತಿರ ಹತ್ತಿರ 345 ಕ್ಯಾಲೊರಿ. ಎರಡು ರೊಟ್ಟಿಯಷ್ಟು! ಅದೂ ಅಗಿಯದೆ, ಹೊಟ್ಟೆ ತುಂಬಿಸದೆ. ಹೊರಗೆ ತಿಂದ ಮಿರ್ಚಿ ಭಜಿ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ತಲೆಗೆ 25 ಗ್ರಾಂ ಎಂದು ಗುರಿಯಿಟ್ಟರೆ ನಾಲ್ಕು ಜನರಿಗೆ ತಿಂಗಳಿಗೆ ಮೂರೂಕಾಲು ಲೀಟರ್ ಸಾಕು. ಅಂದರೆ ಐದು ಲೀಟರ್ ಡಬ್ಬಿ ನಲವತ್ತೈದು ದಿನ ಬರಬೇಕು. ಈ ಗುರಿಯ ಚಂದ ಏನೆಂದರೆ ದಿನವೂ ಏನನ್ನೂ ತೂಗಬೇಕಿಲ್ಲ. ಡಬ್ಬಿಯೇ ಲೆಕ್ಕ ಇಡುತ್ತದೆ.

ಕಷ್ಟ ಇರುವುದು ಮರ್ಯಾದೆಯಲ್ಲಿ. ನಮ್ಮಲ್ಲಿ ಎಣ್ಣೆಗಾಯಿಯ ಮೇಲೆ ಎಣ್ಣೆ ತೇಲದಿದ್ದರೆ ಬೀಗರಿಗೆ ಅವಮಾನ ಮಾಡಿದಂತೆ. ನಾವು ಕಂಡುಕೊಂಡ ಉಪಾಯ ಹೀಗಿದೆ: ಎಳೆಯ ಬದನೆಕಾಯಿಯನ್ನು ಸೀಳಿ ಮೊದಲು ಆವಿಯಲ್ಲಿ ಮುಕ್ಕಾಲು ಬೇಯಿಸಿಕೊಳ್ಳುವುದು. ಹಸಿ ಬದನೆ ಎಣ್ಣೆಯನ್ನು ಸ್ಪಂಜಿನಂತೆ ಹೀರುತ್ತದೆ. ಬೆಂದದ್ದು ಅಷ್ಟು ಹೀರುವುದಿಲ್ಲ. ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿಯ ಪುಡಿಯೇ ಎಣ್ಣೆ ಬಿಡುವ ವಸ್ತುಗಳು. ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ನೀರಿಟ್ಟು ಸಣ್ಣ ಉರಿಯಲ್ಲಿ ಬಿಟ್ಟರೆ ನಾಲ್ಕು ಜನರ ಪಲ್ಯಕ್ಕೆ ಎರಡು ದೊಡ್ಡ ಚಮಚ ಎಣ್ಣೆ ಸಾಲುತ್ತದೆ. ಝುಣಕಕ್ಕೂ ಇದೇ ಮಾತು: ಕಡಲೆಹಿಟ್ಟನ್ನು ಒಣಗಿಯೇ ಹುರಿದುಕೊಂಡು ಆಮೇಲೆ ಒಗ್ಗರಣೆಗೆ ಸೇರಿಸಿದರೆ ಗಂಟೂ ಆಗದು, ಎಣ್ಣೆಯೂ ಕುಡಿಯದು. ಒಗ್ಗರಣೆಗೆ ಡಬ್ಬಿಯಿಂದ ನೇರವಾಗಿ ಸುರಿಯುವುದನ್ನು ನಿಲ್ಲಿಸಿ, ಒಂದು ಚಮಚವನ್ನು ಎಣ್ಣೆಯ ಪಾತ್ರೆಯಲ್ಲೇ ಕಾಯಂ ಇಡಿ. ಕೈ ಅಂದಾಜಿನ ಒಂದು ಸುರಿತ ನಮ್ಮ ಮನೆಯಲ್ಲಿ ಐದು ಚಮಚಕ್ಕೆ ಸಮನಾಗಿತ್ತು.

ಶೇಂಗಾ ಹಿಂಡಿಯ ವಿಷಯ. ನೂರು ಗ್ರಾಂ ಶೇಂಗಾದಲ್ಲಿ ಐನೂರಕ್ಕೂ ಹೆಚ್ಚು ಕ್ಯಾಲೊರಿ ಇದೆ, ಜೊತೆಗೆ ಒಳ್ಳೆಯ ಪ್ರೋಟೀನ್ ಕೂಡ. ಹಾಗಾಗಿ ಬಿಡುವುದು ತಪ್ಪು, ತಟ್ಟೆಯಲ್ಲಿ ಗುಡ್ಡೆ ಹಾಕಿಕೊಳ್ಳುವುದೂ ತಪ್ಪು. ಊಟಕ್ಕೆ ಒಂದು ದೊಡ್ಡ ಚಮಚ. ಮೇಲೆ ಎಣ್ಣೆ ಬದಲು ಮೊಸರು ಕಲಸಿಕೊಳ್ಳಿ. ವಾರದಲ್ಲಿ ಮೂರು ದಿನ ಅಗಸಿ ಅಥವಾ ಗುರೆಳ್ಳು ಹಿಂಡಿಗೆ ಬದಲಾಯಿಸಿದರೆ ರುಚಿಗೂ ಬದಲಾವಣೆ. ಆದರೆ ಅವೂ ಎಣ್ಣೆಕಾಳುಗಳೇ, ಚಮಚದ ನಿಯಮ ಅವಕ್ಕೂ ಅನ್ವಯ.

ನಾಲ್ಕನೆಯ ಹಂತ: ರೊಟ್ಟಿಯನ್ನು ಹಿಟ್ಟಿನಲ್ಲಿ ಎಣಿಸಿ

ಒಂದು ರೊಟ್ಟಿಗೆ ಎಷ್ಟು ಕ್ಯಾಲೊರಿ ಎಂದು ಹುಡುಕಿದರೆ ಹತ್ತು ಉತ್ತರ ಸಿಗುತ್ತವೆ, ಏಕೆಂದರೆ ಹತ್ತು ಕೈಗಳ ರೊಟ್ಟಿ ಹತ್ತು ಬಗೆ. ನಿಮ್ಮ ಮನೆಯ ಉತ್ತರ ನಿಮ್ಮ ಮನೆಯಲ್ಲೇ ಸಿಗುತ್ತದೆ. ಒಂದು ದಿನ ಅರ್ಧ ಕಿಲೊ ಜೋಳದ ಹಿಟ್ಟು ತೂಗಿಟ್ಟು, ಅದರಿಂದ ಎಷ್ಟು ರೊಟ್ಟಿಯಾದವು ಎಂದು ಎಣಿಸಿ. ನಮ್ಮಲ್ಲಿ ಹತ್ತಾದವು. ಅಂದರೆ ಒಂದಕ್ಕೆ 50 ಗ್ರಾಂ ಹಿಟ್ಟು, ಸುಮಾರು 170 ಕ್ಯಾಲೊರಿ, 5 ಗ್ರಾಂ ಪ್ರೋಟೀನ್, ಅಷ್ಟೇ ನಾರು. ಬಡಿದು, ಒದ್ದೆ ಬಟ್ಟೆಯಿಂದ ಸವರಿ ಸುಡುವ ರೊಟ್ಟಿಗೆ ಹನಿ ಎಣ್ಣೆಯೂ ಬೇಡ. ಪದರ ಪದರಕ್ಕೆ ಎಣ್ಣೆ ಸವರುವ ಚಪಾತಿಗೆ ಹೋಲಿಸಿದರೆ ಇದೇ ದೊಡ್ಡ ಲಾಭ.

ಖಡಕ್ ರೊಟ್ಟಿ ಮೋಸಗಾರ. ತೆಳ್ಳಗೆ, ಹಗುರ, ಹಪ್ಪಳದಂತೆ ಮುರಿಯುತ್ತದೆ. ಮಾತನಾಡುತ್ತ ಆರು ಹೋಗಿರುತ್ತವೆ. ಒಣಗಿದಾಗ ಹೋದದ್ದು ನೀರು ಮಾತ್ರ, ಹಿಟ್ಟು ಎಲ್ಲಿಗೂ ಹೋಗಿಲ್ಲ. ಖಡಕ್ ರೊಟ್ಟಿ ಮಾಡುವ ದಿನವೂ ಹಿಟ್ಟು ತೂಗಿ ಒಂದು ಸಲ ಲೆಕ್ಕ ಹಾಕಿಟ್ಟುಕೊಳ್ಳಿ. ಮತ್ತೊಂದು ಮಾತು: ಜೋಳದ ರೊಟ್ಟಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂದು ನಂಬಿದವರು ನಮ್ಮ ಓಣಿಯಲ್ಲೇ ಇದ್ದಾರೆ. ನಾರಿನಿಂದಾಗಿ ಬಿಳಿ ಅನ್ನಕ್ಕಿಂತ ಉತ್ತಮ, ನಿಜ. ಆದರೂ ಜೋಳ ಧಾನ್ಯವೇ, ಅದರ ಬಹುಪಾಲು ಪಿಷ್ಟವೇ. ನಾಲ್ಕರ ಬದಲು ಏಳು ತಿಂದರೆ ಅದೂ ಏರಿಸುತ್ತದೆ.

ಈಗ ಅನ್ನದ ಕಡೆಗೆ. ನಮ್ಮ ಅಜ್ಜಿಯ ಕಾಲದಲ್ಲಿ ಅನ್ನ ಹಬ್ಬದ ಅಡುಗೆ, ನಿತ್ಯದ್ದು ರೊಟ್ಟಿ, ನುಚ್ಚು, ಅಂಬಲಿ. ಕೃಷ್ಣಾ ಮೇಲ್ದಂಡೆಯ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಎಷ್ಟೋ ಹೊಲಗಳು ಗದ್ದೆಗಳಾದವು. 2013ರಲ್ಲಿ ಅನ್ನಭಾಗ್ಯ ಶುರುವಾಗಿ ಅಕ್ಕಿ ಎಲ್ಲರ ಮನೆಗೂ ಬಂತು. ಹಸಿದ ಮನೆಗೆ ಅಕ್ಕಿ ಬಂದದ್ದನ್ನು ನಾನು ದೂರುವುದಿಲ್ಲ. ಯಾದಗಿರಿ ಜಿಲ್ಲೆಯ ಹಸಿವನ್ನು ಕಂಡವರು ಯಾರೂ ದೂರಲಾರರು. ಆದರೆ ನಮ್ಮಂಥ ಕುಳಿತು ದುಡಿಯುವವರ ಮನೆಯಲ್ಲಿ ಅನ್ನ ರೊಟ್ಟಿಯ ಜಾಗಕ್ಕೆ ಬರಲಿಲ್ಲ, ರೊಟ್ಟಿಯ ಮೇಲೆ ಬಂತು. ಎರಡೂವರೆ ರೊಟ್ಟಿ ಉಂಡು, "ಸ್ವಲ್ಪ ಅನ್ನ ಸಾರು" ಎಂದು ಶುರುವಾಗುವುದು ಎರಡನೆಯ ಊಟವೇ.

ನಿಯಮ ಸರಳ: ಒಂದು ಊಟಕ್ಕೆ ಒಂದೇ ಧಾನ್ಯ. ಸಾಧ್ಯವಾಗದವರು ಒಂದು ರೊಟ್ಟಿ ಕಡಿಮೆ ಮಾಡಿ ಒಂದು ಸಣ್ಣ ಬಟ್ಟಲು ಅನ್ನ ಹಾಕಿಕೊಳ್ಳಿ. 40 ಗ್ರಾಂ ಅಕ್ಕಿಯ ಅನ್ನ 140 ಕ್ಯಾಲೊರಿಗೆ ಹತ್ತಿರ, ಒಂದು ರೊಟ್ಟಿಗಿಂತ ತುಸು ಕಡಿಮೆ. ಬಡಿಸುವ ಸೌಟಿನಿಂದ ಅಳೆಯಬೇಡಿ. ನಮ್ಮ ಮನೆಗಳ ಅನ್ನದ ಸೌಟು ಮದುವೆಯ ಪಂಕ್ತಿಗೆ ಮಾಡಿದ್ದು.

ಐದನೆಯ ಹಂತ: ಸಾರನ್ನು ದಪ್ಪ ಮಾಡಿ

ತೊಗರಿಯ ಕಣಜದಲ್ಲಿ ಕುಳಿತು ಬೇಳೆ ಸಾಲುತ್ತಿಲ್ಲ ಎಂದರೆ ನಗುತ್ತಾರೆ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೇ ಸಿಕ್ಕಿದೆ. ಆದರೂ ನಾಲ್ಕು ಜನರ ಸಾರಿಗೆ ಎಷ್ಟು ಬೇಳೆ ಹಾಕುತ್ತೀರಿ ಎಂದು ಒಮ್ಮೆ ತೂಗಿ ನೋಡಿ. ನಮ್ಮ ಮನೆಯಲ್ಲಿ 80 ಗ್ರಾಂ. ನೂರು ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುವುದರಿಂದ ತಲೆಗೆ ನಾಲ್ಕೂವರೆ ಗ್ರಾಂ ಸಿಕ್ಕಿತು. ವಯಸ್ಕರಿಗೆ ದೇಹದ ಪ್ರತಿ ಕಿಲೊ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. 60 ಕಿಲೊದವರಿಗೆ ದಿನಕ್ಕೆ 50 ಗ್ರಾಂ. ತಿಳಿ ಸಾರಿನಿಂದ ಆ ಲೆಕ್ಕ ಎಂದೂ ತುಂಬುವುದಿಲ್ಲ.

ತೂಕಕ್ಕೂ ಇದಕ್ಕೂ ಏನು ಸಂಬಂಧ? ಪ್ರೋಟೀನ್ ಮತ್ತು ನಾರು ಹೊಟ್ಟೆಯನ್ನು ಹೆಚ್ಚು ಹೊತ್ತು ಸುಮ್ಮನಿರಿಸುತ್ತವೆ. ಬೇಳೆ, ಕಾಳು, ಪಲ್ಯ ಕಡಿಮೆಯಾದ ದಿನ ನಾಲ್ಕು ಗಂಟೆಗೆ ಸುಸಲಾ (ಒಗ್ಗರಣೆ ಚುರುಮುರಿ) ಮತ್ತು ಮಿರ್ಚಿಯ ನೆನಪಾಗುತ್ತದೆ. ಜೊತೆಗೆ ತೂಕ ಇಳಿಸುವಾಗ ಪ್ರೋಟೀನ್ ಸಾಲದಿದ್ದರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ.

ಇದಕ್ಕೆ ಪುಡಿಯ ಡಬ್ಬಿಗಳು ಬೇಕಿಲ್ಲ. ನಮ್ಮ ಪುಂಡಿಪಲ್ಯವೇ ಮಾದರಿ ಅಡುಗೆ: ಸೊಪ್ಪು, ಬೇಳೆ, ಜೋಳದ ನುಚ್ಚು ಒಂದೇ ಪಾತ್ರೆಯಲ್ಲಿ. ಬೇಳೆಯನ್ನು ಎರಡರಷ್ಟು ಹಾಕಿ, ಒಗ್ಗರಣೆಯನ್ನು ಅರ್ಧಕ್ಕೆ ಇಳಿಸಿ. ಮಡಕಿ ಕಾಳು, ಹೆಸರು ಕಾಳು ಮೊಳಕೆ ಬರಿಸಿ ಉಸುಳಿ ಮಾಡಿ ಬೆಳಗಿನ ತಿಂಡಿಗೆ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಹಸಿ ತೊಗರಿಕಾಯಿ ಉಪ್ಪು ಹಾಕಿ ಕುದಿಸಿದ್ದು, ಜನವರಿಯಲ್ಲಿ ಹಸಿ ಕಡಲೆ. ಸುಲಿದು ತಿನ್ನುವ ತಿಂಡಿಗೆ ಸಮಯ ಹಿಡಿಯುತ್ತದೆ, ಅದೇ ಅದರ ಗುಣ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್. ಕೋಳಿ, ಮೀನಿನ ಸಾರು ನಡೆಯುತ್ತದೆ. ತಹರಿಯ ತಟ್ಟೆಯಲ್ಲಿ ಮಾಂಸಕ್ಕಿಂತ ಅನ್ನ ಮತ್ತು ಎಣ್ಣೆಯೇ ಹೆಚ್ಚು ಎಂಬುದನ್ನು ನೆನಪಿಡಿ.

ಪಲ್ಯ ತಟ್ಟೆಯ ಮೂಲೆಯಲ್ಲಿ ಚಮಚದಷ್ಟಿದ್ದರೆ ಸಾಲದು. ಅರ್ಧ ತಟ್ಟೆ ತರಕಾರಿ, ಸೊಪ್ಪು, ಹಸಿ ಪದಾರ್ಥ. ಹಸಿ ಮೆಂತ್ಯೆ, ಉಳ್ಳಾಗಡ್ಡಿ, ಸೌತೆಕಾಯಿ, ಗಜ್ಜರಿ, ಮೂಲಂಗಿ ಕಚ್ಚಿಕೊಂಡು ರೊಟ್ಟಿ ಉಣ್ಣುವುದು ನಮ್ಮ ಹೊಲದ ಬುತ್ತಿಯಲ್ಲಿ ಮೊದಲಿನಿಂದಲೂ ಇದೆ. ಪಟ್ಟಣಕ್ಕೆ ಬಂದಾಗ ಬುತ್ತಿಯ ಬಟ್ಟೆಯೊಂದಿಗೆ ಅದನ್ನೂ ಬಿಟ್ಟೆವು.

ಆರನೆಯ ಹಂತ: ಒಂದು ದಿನದ ಲೆಕ್ಕ

ನನ್ನ ಪುಸ್ತಕದಿಂದ ಒಂದು ಸಾಧಾರಣ ದಿನವನ್ನು ಎತ್ತಿಕೊಡುತ್ತೇನೆ. ಬೆಳಿಗ್ಗೆ ಒಂದು ಚಮಚ ಸಕ್ಕರೆಯ ಚಹಾ. ಎಂಟೂವರೆಗೆ ಒಂದು ರೊಟ್ಟಿ, 40 ಗ್ರಾಂ ಹೆಸರು ಕಾಳಿನ ಉಸುಳಿ. ಮಧ್ಯಾಹ್ನ ಎರಡು ರೊಟ್ಟಿ, ಬೇಳೆ ಹೆಚ್ಚು ಹಾಕಿದ ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಮತ್ತು ಮೆಂತ್ಯೆ, ಒಂದು ಲೋಟ ಮಜ್ಜಿಗೆ. ಸಂಜೆ ಚಹಾ, ಒಂದು ಮುಷ್ಟಿ ಪುಟಾಣಿ (ಹುರಿಗಡಲೆ). ರಾತ್ರಿ ಎಂಟಕ್ಕೆ ಒಂದು ರೊಟ್ಟಿ, ಸಣ್ಣ ಬಟ್ಟಲು ಅನ್ನ, ದಪ್ಪ ಬೇಳೆ, ಒಂದು ಮೊಟ್ಟೆ. ಎಲ್ಲ ಸೇರಿ ಸುಮಾರು 1600 ಕ್ಯಾಲೊರಿ. ನಾಲ್ಕು ರೊಟ್ಟಿ ಇದರಲ್ಲಿವೆ ಎಂಬುದನ್ನು ಗಮನಿಸಿ.

ಇದು ಮೇಜಿನ ಕೆಲಸದ ಗಂಡಸಿನ, ತೂಕ ಇಳಿಸುವ ಕಾಲದ ಲೆಕ್ಕ. ಹೊಲದಲ್ಲಿ ದುಡಿಯುವವರಿಗೆ, ಹಮಾಲಿ ಮಾಡುವವರಿಗೆ ಇದು ಅರೆಹೊಟ್ಟೆ. ಅವರು ಇದನ್ನು ನಕಲು ಮಾಡಬಾರದು. ಎತ್ತರ ಕಡಿಮೆ ಇರುವ, ಮನೆಯಲ್ಲೇ ಇರುವ ಹೆಂಗಸರು ಮಧ್ಯಾಹ್ನದ ಒಂದು ರೊಟ್ಟಿ ಕಡಿಮೆ ಮಾಡಿಕೊಳ್ಳಬಹುದು, ಬೇಳೆ ಪಲ್ಯ ಕಡಿಮೆ ಮಾಡಬಾರದು. ಈಗ ತಿನ್ನುತ್ತಿರುವುದಕ್ಕಿಂತ ದಿನಕ್ಕೆ 400ರಿಂದ 500 ಕ್ಯಾಲೊರಿ ಕಡಿಮೆಯಾದರೆ ವಾರಕ್ಕೆ ಅರ್ಧ ಕಿಲೊವರೆಗೆ ಇಳಿಯುತ್ತದೆ. ತಿಂಗಳಿಗೆ ಹತ್ತು ಕಿಲೊ ಎಂದು ಗೋಡೆಯ ಮೇಲೆ ಬರೆಸುವವರ ಹತ್ತಿರ ಸುಳಿಯಬೇಡಿ.

ಏಳನೆಯ ಹಂತ: ಬೇಸಿಗೆ, ಜಾತ್ರೆ, ಉಪವಾಸ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು 42 ಡಿಗ್ರಿ ಮುಟ್ಟಿದಾಗ ಊಟ ತಾನಾಗಿ ಕಡಿಮೆಯಾಗುತ್ತದೆ. ಹಾಗಿದ್ದರೂ ನನ್ನ ತೂಕ ಏರುತ್ತಿದ್ದದ್ದು ಬೇಸಿಗೆಯಲ್ಲೇ. ಕಾರಣ ಲೋಟಗಳು. 300 ಮಿಲಿಲೀಟರ್ ಕೋಲಾದಲ್ಲಿ ಮೂವತ್ತು ಗ್ರಾಂಗೂ ಹೆಚ್ಚು ಸಕ್ಕರೆ. ದೊಡ್ಡ ಲೋಟ ಕಬ್ಬಿನ ಹಾಲಿನಲ್ಲೂ ಅದಕ್ಕೆ ಕಡಿಮೆಯಿಲ್ಲ. ಬೀದರ್ ಕಡೆಯ ಗೆಳೆಯರು ಕಬ್ಬಿನ ಹಾಲು ಸಹಜವಾದದ್ದು ಎಂದು ವಾದಿಸುತ್ತಾರೆ. ಸಹಜವೇ, ಸಕ್ಕರೆ ಕಾರ್ಖಾನೆಗೆ ಹೋಗುವುದೂ ಅದೇ ರಸ. ಬಿಸಿಲಿಗೆ ನಮ್ಮ ಉತ್ತರ ಮಜ್ಜಿಗೆ ಮತ್ತು ಜೋಳದ ಅಂಬಲಿ: ಜೀರಿಗೆ, ಚಿಟಿಕೆ ಉಪ್ಪು, ಬೇಕೆನಿಸಿದಷ್ಟು ನೀರು. ರಕ್ತದೊತ್ತಡ ಇರುವವರು ಉಪ್ಪನ್ನೂ ಬಿಡಲಿ. ನಡಿಗೆಯನ್ನು ಬೆಳಿಗ್ಗೆ ಆರರೊಳಗೆ ಮುಗಿಸಿ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು. ನಡಿಗೆ ಹೃದಯಕ್ಕೆ ಬಹಳ ಒಳ್ಳೆಯದು, ಆದರೆ ಅರ್ಧ ಗಂಟೆ ನಡೆದು ಬಂದು ಎರಡು ಮಿರ್ಚಿ ತಿಂದರೆ ಲೆಕ್ಕ ಅಲ್ಲಿಗಲ್ಲಿಗೆ.

ಜಾತ್ರೆ, ಉರುಸು, ಮದುವೆ, ಯುಗಾದಿಯ ಹೋಳಿಗೆ ಇವನ್ನು ಬಿಡಿ ಎಂದು ನಾನು ಹೇಳಲಾರೆ. ಶರಣಬಸವೇಶ್ವರ ಜಾತ್ರೆಗೆ ಹೋಗಿ ಬರಿಗೈಯಲ್ಲಿ ಬರುವವರು ಯಾರು? ನಾನು ಮಾಡುವುದಿಷ್ಟು: ಹೊರಡುವ ಮೊದಲೇ ಏನು ತಿನ್ನಬೇಕೆಂದು ಒಂದನ್ನು ಆರಿಸಿಕೊಳ್ಳುತ್ತೇನೆ. ಹೋಳಿಗೆಯ ದಿನ ಹೋಳಿಗೆಯೇ ಊಟ. ತುಪ್ಪ ಹಾಕಿದ ಒಂದು ಹೋಳಿಗೆಯನ್ನು ಎರಡು ರೊಟ್ಟಿಯೆಂದು ಎಣಿಸಿ, ರೊಟ್ಟಿ, ಅನ್ನ, ಭಜಿ ಮೂರನ್ನೂ ಬಿಡುತ್ತೇನೆ. ಕಟ್ಟಿನ ಸಾರು ಬೇಕಾದಷ್ಟು ಕುಡಿಯುತ್ತೇನೆ.

ಉಪವಾಸದ ಕಥೆ ಇನ್ನೂ ಮಜವಾಗಿದೆ. ಶ್ರಾವಣ ಸೋಮವಾರ ಬಂತೆಂದರೆ ಸಾಬೂದಾನಿ ಖಿಚಡಿ, ಮೇಲೆ ಶೇಂಗಾ ಪುಡಿ, ಆಲೂಗಡ್ಡೆ, ಬಾಳೆಹಣ್ಣು, ಸಿಹಿ ಹಾಲು. ಸಾಬೂದಾನಿ ಎಂದರೆ ಬರೀ ಪಿಷ್ಟ. ನಾರೂ ಇಲ್ಲ, ಪ್ರೋಟೀನೂ ಇಲ್ಲ. ಉಪವಾಸದ ದಿನ ನಾನು ಉಳಿದ ದಿನಗಳಿಗಿಂತ ಹೆಚ್ಚು ತಿಂದದ್ದನ್ನು ಪುಸ್ತಕ ತೋರಿಸಿಕೊಟ್ಟಿತು. ಈಗ ಹಣ್ಣು, ಮಜ್ಜಿಗೆ, ಒಂದು ಹಿಡಿ ಶೇಂಗಾ. ರಂಜಾನ್ ರೋಜಾ ಇರುವ ಗೆಳೆಯರ ಅನುಭವವೂ ಬೇರೆಯಲ್ಲ: ಇಫ್ತಾರಿನಲ್ಲಿ ಖರ್ಜೂರ, ಹಣ್ಣು, ನೀರು ಮುಗಿಸಿ ಹತ್ತು ನಿಮಿಷ ಬಿಟ್ಟು ಊಟಕ್ಕೆ ಕುಳಿತರೆ ಕರಿದದ್ದು ಅರ್ಧಕ್ಕೆ ಇಳಿಯುತ್ತದೆ ಎನ್ನುತ್ತಾರೆ.

ಎಂಟನೆಯ ಹಂತ: ಕೊನೆಗೆ ಉಣ್ಣುವವರ ತಟ್ಟೆ

ಇದನ್ನು ಯಾವ ಆಹಾರಪಟ್ಟಿಯೂ ಬರೆಯುವುದಿಲ್ಲ. ನಮ್ಮ ಮನೆಗಳಲ್ಲಿ ಅಡುಗೆ ಮಾಡಿದವಳು ಕೊನೆಗೆ ಉಣ್ಣುತ್ತಾಳೆ. ಆ ಹೊತ್ತಿಗೆ ಪಲ್ಯ ಮುಗಿದಿರುತ್ತದೆ, ಬೇಳೆಯ ತಳದಲ್ಲಿ ನೀರು ಉಳಿದಿರುತ್ತದೆ, ರೊಟ್ಟಿ ಮತ್ತು ಅನ್ನ ಮಾತ್ರ ಬೇಕಾದಷ್ಟಿರುತ್ತವೆ. ಮಕ್ಕಳು ಬಿಟ್ಟದ್ದು, ನಿನ್ನೆಯದು, "ಚೆಲ್ಲಬಾರದು" ಎಂದು ಉಳಿಸಿದ್ದು ಎಲ್ಲ ಅವಳ ಹೊಟ್ಟೆಗೆ. ಹಾಗಾಗಿ ಒಂದೇ ದೇಹದಲ್ಲಿ ತೂಕವೂ ಹೆಚ್ಚು, ರಕ್ತವೂ ಕಡಿಮೆ ಎಂಬ ಸ್ಥಿತಿ. ನನ್ನ ಹೆಂಡತಿಯ ತೂಕ ಏಕೆ ಇಳಿಯುತ್ತಿಲ್ಲವೆಂದು ನಾನು ಮೂರು ತಿಂಗಳು ಉಪದೇಶ ಮಾಡಿದೆ. ನಾಲ್ಕನೆಯ ತಿಂಗಳು ಅವಳ ತಟ್ಟೆ ನೋಡಿದೆ.

ಪರಿಹಾರ ಎರಡು. ಅಡುಗೆಯಾದ ಕೂಡಲೇ, ಯಾರಿಗೂ ಬಡಿಸುವ ಮೊದಲು, ಎಲ್ಲರ ಪಲ್ಯ ಬೇಳೆಯನ್ನು ಬಟ್ಟಲುಗಳಿಗೆ ಹಂಚಿಡುವುದು. ಉಳಿದದ್ದನ್ನು ಹೊಟ್ಟೆಗೆ ತುಂಬುವ ಬದಲು ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಸೇರಿಸುವುದು. ಉಳಿದ ರೊಟ್ಟಿ ಮರುದಿನ ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದ ಮುಟಗಿಯಾಗುತ್ತದೆ. ಅದಕ್ಕೆ ಎಣ್ಣೆ ಒಂದು ಚಮಚ ಮೀರದಂತೆ ನೋಡಿಕೊಂಡರಾಯಿತು.

ತೂಕ ಕಡಿಮೆ ಇರುವವರೂ ನಮ್ಮ ಜಿಲ್ಲೆಗಳಲ್ಲಿ ಬಹಳ ಜನ. ಅವರಿಗೆ ಇದೇ ಪಟ್ಟಿ ತಲೆಕೆಳಗಾಗಿ ಉಪಯೋಗಕ್ಕೆ ಬರುತ್ತದೆ: ರೊಟ್ಟಿಗೆ ಶೇಂಗಾ ಹಿಂಡಿ ಎರಡು ಚಮಚ, ಊಟದ ನಡುವೆ ಶೇಂಗಾ ಚಿಕ್ಕಿ ಅಥವಾ ತುಪ್ಪ ಬೆಲ್ಲದ ಮಾಲ್ದಿ, ರಾತ್ರಿ ಹಾಲು ಬಾಳೆಹಣ್ಣು, ಬೇಳೆಗೆ ಮೇಲಿಂದ ಒಂದು ಚಮಚ ತುಪ್ಪ, ದಿನಕ್ಕೊಂದು ಮೊಟ್ಟೆ. ಚಹಾವನ್ನು ಊಟದ ಹೊತ್ತಿನಿಂದ ಒಂದು ಗಂಟೆ ದೂರ ಇಡಿ. ಅದು ಹಸಿವನ್ನೂ ಕೊಲ್ಲುತ್ತದೆ, ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣ ಮೈಗೆ ಹತ್ತುವುದನ್ನೂ ತಡೆಯುತ್ತದೆ.

ಒಂಬತ್ತನೆಯ ಹಂತ: ಕ್ಯಾಲೆಂಡರಿನ ಮೂಲೆ

ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿನಲ್ಲಿ ತೂಕ ನೋಡಿ ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆಯಿರಿ. ದಿನವೂ ನೋಡುವವರು ಬೇಗ ಬೇಸರಪಡುತ್ತಾರೆ. ಮದುವೆ ಊಟದ ಮರುದಿನ ಒಂದೂವರೆ ಕಿಲೊ ಏರಿದ್ದು ಕಂಡರೆ ಗಾಬರಿ ಬೇಡ; ಉಪ್ಪು ಮತ್ತು ಪಿಷ್ಟ ಹಿಡಿದಿಟ್ಟ ನೀರು ಅದು, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ನಾಲ್ಕು ವಾರ ಸತತ ಮುಳ್ಳು ಅಲುಗದಿದ್ದರೆ ಮಾತ್ರ ನೋಟ್‌ಬುಕ್ ಮತ್ತೆ ತೆಗೆಯಿರಿ. ದೇಹ ಹಗುರಾದಂತೆ ಅದಕ್ಕೆ ಬೇಕಾದ ಆಹಾರವೂ ಕಡಿಮೆಯಾಗುತ್ತದೆ, ಅದು ಒಂದು ಕಾರಣ. ಇನ್ನೊಂದು, ಎಣ್ಣೆ ಚಮಚ ಎಲ್ಲೋ ಕಳೆದುಹೋಗಿ ಕೈ ಅಂದಾಜು ಮರಳಿ ಬಂದಿರುತ್ತದೆ. ನಮ್ಮ ಮನೆಯಲ್ಲಿ ಎರಡು ಸಲವೂ ಎರಡನೆಯದೇ ಆಗಿತ್ತು.

ಮೊದಲ ಗುರಿ ಈಗಿನ ತೂಕದ ನೂರಕ್ಕೆ ಐದರಷ್ಟಿರಲಿ. 80 ಕಿಲೊದವರಿಗೆ 4 ಕಿಲೊ. ಅಷ್ಟಕ್ಕೇ ರಕ್ತದೊತ್ತಡ, ಸಕ್ಕರೆಯ ಅಂಕಿಗಳಲ್ಲಿ ಒಳ್ಳೆಯ ಬದಲಾವಣೆ ಶುರುವಾಗುತ್ತದೆ. ಗುರಿ ಮುಟ್ಟಿದ ಮೇಲೆ ಒಂದು ರೊಟ್ಟಿಯನ್ನೋ ಒಂದು ಬಟ್ಟಲು ಕಾಳನ್ನೋ ಮರಳಿ ಸೇರಿಸಿ, ತೂಕ ನಿಂತಲ್ಲೇ ನಿಲ್ಲುತ್ತದೆಯೇ ಎಂದು ಒಂದು ತಿಂಗಳು ನೋಡಿ. ನಿಂತ ತೂಕಕ್ಕಿಂತ ಎರಡು ಕಿಲೊ ಮೇಲೆ ಹೋದರೆ ಮತ್ತೆ ಏಳು ದಿನ ಬರೆಯುವುದು. ಈ ಎರಡು ಕಿಲೊದ ಗೆರೆಯನ್ನು ನಾನು ಮೂರು ಸಲ ದಾಟಿ ಮರಳಿದ್ದೇನೆ. ಭಾರತೀಯ ಲೆಕ್ಕದ 25ಕ್ಕೆ ಇಳಿಯಲು ಇನ್ನೂ ಒಂದು ಕಿಲೊ ಬಾಕಿ ಇದೆ. ನೋಟ್‌ಬುಕ್ಕಿನಲ್ಲಿ ಖಾಲಿ ಬಿಟ್ಟ ಪುಟ ಒಂದೇ. ಅದರ ಮೇಲೆ ತಾರೀಖು, ಕೆಳಗೆ ಹೀಗೆ: "ಎಳ್ಳಮಾವಾಸ್ಯೆ. ಹೊಲದಲ್ಲಿ ಊಟ. ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಅಂಬಲಿ. ಲೆಕ್ಕ ಬರೆದಿಲ್ಲ."